ಓದುಗರ ಪ್ರಶ್ನೆಗಳು: ಜೇಮ್ಸ್‌ಟೌನ್ ದ್ವೀಪವೂ ಅಲ್ಲಿನ ಅಗೆತವೂ

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿರುವ ಜೇಮ್ಸ್‌ಟೌನ್ ಎಂಬ ಹಳೆಯ ವಸಾಹತಿನ ಬಗ್ಗೆ ಬಂದ ಪತ್ರಗಳಿಗಾಗಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಮೀಸಲಿಟ್ಟಿದ್ದೇನೆ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಟ ಹಿರಿಯರು ಬರೆದ ಪತ್ರಗಳೇ ಇವುಗಳಲ್ಲಿ ಹೆಚ್ಚು. ಹೆಸರು ಪ್ರಕಟಿಸಬೇಡಿ ಎಂದು ಕೆಲವರು ಕೋರಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ವಾಷಿಂಗ್ಟನ್ ಬಳಿ ಇರುವ ಮಗನ ಮನೆಗೆ ಹೋಗುತ್ತಿದ್ದೇವೆ. ಒಂದು ದಿನ ಜೇಮ್ಸ್‌ಟೌನ್ ತೋರಿಸುತ್ತೇನೆ ಎಂದಿದ್ದಾನೆ. ನಕ್ಷೆಯಲ್ಲಿ ನೋಡಿದರೆ ‘ಹಿಸ್ಟಾರಿಕ್ ಜೇಮ್ಸ್‌ಟೌನ್’ ಮತ್ತು ‘ಜೇಮ್ಸ್‌ಟೌನ್ ಸೆಟಲ್‌ಮೆಂಟ್’ ಎಂದು ಎರಡು ಜಾಗಗಳಿವೆ. ನಿಜವಾದದ್ದು ಯಾವುದು?

ಉತ್ತರ: 1607ರ ಮೇ ತಿಂಗಳಲ್ಲಿ ಇಂಗ್ಲಿಷರು ಬಂದಿಳಿದ ನೆಲ ಹಿಸ್ಟಾರಿಕ್ ಜೇಮ್ಸ್‌ಟೌನ್. ಜೇಮ್ಸ್ ನದಿಯ ದಡದ ಆ ದ್ವೀಪದ ಬಹುಪಾಲು ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯ ವಶದಲ್ಲಿದೆ. ಕೋಟೆ ಇದ್ದ ಸುಮಾರು 22 ಎಕರೆ ಮಾತ್ರ, 1893ರಲ್ಲಿ ಅದನ್ನು ಪಡೆದುಕೊಂಡು ಕಾಪಾಡುತ್ತ ಬಂದ, ಇಂದು ಪ್ರಿಸರ್ವೇಷನ್ ವರ್ಜೀನಿಯಾ ಎಂದು ಕರೆಸಿಕೊಳ್ಳುವ ಖಾಸಗಿ ಸಂಸ್ಥೆಯ ಒಡೆತನದಲ್ಲಿದೆ. ಹಾಗಾಗಿ ಅಲ್ಲಿನ ಪ್ರವೇಶ ಶುಲ್ಕದಲ್ಲಿ ಎರಡು ಪಾಲುಗಳಿರುತ್ತವೆ. ಮಗನ ಬಳಿ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇದ್ದರೂ ಅದು ಇಲಾಖೆಯ ಪಾಲಿಗಷ್ಟೇ ಸಲ್ಲುತ್ತದೆ, ಸಂಸ್ಥೆಯ ಪಾಲನ್ನು ಬೇರೆಯಾಗಿ ಕಟ್ಟಬೇಕಾಗುತ್ತದೆ.

ಜೇಮ್ಸ್‌ಟೌನ್ ಸೆಟಲ್‌ಮೆಂಟ್ ಎಂಬುದು ಅಲ್ಲಿಗೆ ಹತ್ತಿರದಲ್ಲೇ ಇರುವ, ವರ್ಜೀನಿಯಾ ರಾಜ್ಯ ನಡೆಸುವ ವಸ್ತುಸಂಗ್ರಹಾಲಯ. 350ನೆಯ ವರ್ಷಾಚರಣೆಗೆಂದು 1957ರಲ್ಲಿ ಅದನ್ನು ಕಟ್ಟಿದರು. ಸೂಸನ್ ಕಾನ್‌ಸ್ಟಂಟ್, ಗಾಡ್‌ಸ್ಪೀಡ್, ಡಿಸ್ಕವರಿ ಎಂಬ ಮೂರು ಹಡಗುಗಳ ಪ್ರತಿರೂಪಗಳು ಅಲ್ಲಿ ನೀರಿನ ಮೇಲೆ ನಿಂತಿವೆ. ಒಳಗೆ ಹತ್ತಿ ನೋಡಬಹುದು. 104 ಗಂಡಸರೂ ಹುಡುಗರೂ ಇಂಥ ಹಡಗುಗಳಲ್ಲಿ ನಾಲ್ಕು ತಿಂಗಳಿಗೂ ಮೇಲ್ಪಟ್ಟು ಹೇಗೆ ಬಂದರು ಎಂಬುದು ಡಿಸ್ಕವರಿಯ ಒಳಗೆ ತಲೆ ಬಗ್ಗಿಸಿ ನಿಂತಾಗ ತಾನಾಗಿ ತಿಳಿಯುತ್ತದೆ. ಪ್ರತಿರೂಪದ ಕೋಟೆಯೂ ಆ ನೆಲದ ಮೂಲನಿವಾಸಿಗಳಾದ ಪೌಹಟನ್ ಜನರ ಊರಿನ ಮಾದರಿಯೂ ಅಲ್ಲಿವೆ. ಜೊತೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರಿಗೆ ಇದೇ ಹೆಚ್ಚು ಹಿಡಿಸುತ್ತದೆ.

ನಾನು ಮೊದಲ ಸಲ ಹೋದಾಗ ಈ ಎರಡರ ವ್ಯತ್ಯಾಸ ತಿಳಿಯದೆ ಪ್ರತಿರೂಪದ ಕೋಟೆಯಲ್ಲೇ ಅರ್ಧ ದಿನ ಕಳೆದು, ಇದೇ ಆ ಜಾಗವೆಂದು ನಂಬಿ, ಸಂಜೆ ದ್ವೀಪಕ್ಕೆ ಹೋಗುವ ಹೊತ್ತಿಗೆ ಬಾಗಿಲು ಮುಚ್ಚುವ ಸಮಯವಾಗಿತ್ತು. ಆದ್ದರಿಂದ ನನ್ನ ಸಲಹೆ ಇಷ್ಟು: ಬೆಳಿಗ್ಗೆ ನೇರವಾಗಿ ದ್ವೀಪಕ್ಕೆ ಹೋಗಿ, ಸಮಯ ಉಳಿದರೆ ಮಧ್ಯಾಹ್ನ ಪ್ರತಿರೂಪಕ್ಕೆ ಬನ್ನಿ. ವಾಷಿಂಗ್ಟನ್‌ನಿಂದ ಸುಮಾರು 150 ಮೈಲಿ ದಾರಿಯಾದ್ದರಿಂದ ಒಂದೇ ದಿನದಲ್ಲಿ ಹೋಗಿ ಬರುವುದು ಆಯಾಸದ ಕೆಲಸ. ವಿಲಿಯಮ್ಸ್‌ಬರ್ಗ್‌ನಲ್ಲಿ ಒಂದು ರಾತ್ರಿ ತಂಗಿದರೆ, ಅಲ್ಲಿಂದ ಜೇಮ್ಸ್‌ಟೌನ್‌ಗೆ ಕಾಡಿನ ನಡುವೆ ಸಾಗುವ ಕಲೋನಿಯಲ್ ಪಾರ್ಕ್‌ವೇ ಎಂಬ ರಸ್ತೆಯ ಸೊಗಸೂ ದಕ್ಕುತ್ತದೆ.

ಪ್ರಶ್ನೆ: ನನ್ನ ಗೆಳೆಯರೊಬ್ಬರು ದ್ವೀಪಕ್ಕೆ ಹೋಗಿ ಬಂದು, ‘ಒಂದು ಮುರುಕು ಗೋಪುರ, ನಾಲ್ಕು ಮರದ ಕಂಬ, ಉಳಿದದ್ದೆಲ್ಲ ಹುಲ್ಲು, ಅಷ್ಟು ದೂರ ಹೋಗಿ ನೋಡುವಂಥದ್ದೇನೂ ಇಲ್ಲ’ ಎಂದರು. ಹಂಪಿ, ಬಾದಾಮಿಗಳನ್ನು ಕಂಡ ನಮಗೆ ಅಲ್ಲೇನಿದೆ?

ಉತ್ತರ: ನಿಮ್ಮ ಗೆಳೆಯರು ಕಂಡದ್ದು ಸುಳ್ಳಲ್ಲ. ಹದಿನೇಳನೆಯ ಶತಮಾನದ ಕಟ್ಟಡವೆಂದು ನೆಲದ ಮೇಲೆ ಅಲ್ಲಿ ಉಳಿದಿರುವುದು ಇಟ್ಟಿಗೆಯ ಆ ಚರ್ಚ್ ಗೋಪುರ ಒಂದೇ. ಕಲ್ಲಿನಲ್ಲಿ ಕಟ್ಟಿದ ಊರನ್ನು ನೋಡುವ ಕಣ್ಣಿನಿಂದ ಜೇಮ್ಸ್‌ಟೌನನ್ನು ನೋಡಿದರೆ ನಿರಾಶೆಯೇ ಗತಿ, ಏಕೆಂದರೆ ಅದು ಮರ ಮತ್ತು ಮಣ್ಣಿನ ಊರು. ಮರ ಕೊಳೆತುಹೋಗುತ್ತದೆ. ಹಾಗೆ ಕೊಳೆತ ಮರವನ್ನು ನಾಲ್ಕು ನೂರು ವರ್ಷಗಳ ಮೇಲೆ ಹುಡುಕಿ ತೆಗೆದದ್ದು ಹೇಗೆ ಎಂಬುದೇ ಅಲ್ಲಿ ನೋಡಬೇಕಾದ ವಿಷಯ.

ಎರಡು ಶತಮಾನಗಳ ಕಾಲ ಎಲ್ಲರೂ ನಂಬಿದ್ದು, 1607ರ ಕೋಟೆ ನದಿಯ ಪಾಲಾಗಿದೆ ಎಂದು. ದಡ ಕೊರೆದುಹೋಗುತ್ತಿದ್ದದ್ದು ನಿಜ; 1900ರ ಸುಮಾರಿಗೆ ತಡೆಗೋಡೆ ಕಟ್ಟಿದ ಮೇಲೆಯೇ ಅದು ನಿಂತಿತು. ಆದರೆ ಕೋಟೆಯೊಳಗೇ ಮೊದಲ ಚರ್ಚ್ ಇತ್ತೆಂದು ಹಳೆಯ ಬರಹಗಳು ಹೇಳುತ್ತಿದ್ದವು, ಮುಂದಿನ ಚರ್ಚುಗಳನ್ನೂ ಅದೇ ಸುತ್ತಿನಲ್ಲಿ ಕಟ್ಟಿದ್ದರೆ ಕೋಟೆ ಎಲ್ಲಿಗೆ ಹೋಗಲು ಸಾಧ್ಯ ಎಂಬ ಸರಳ ತರ್ಕದ ಮೇಲೆ ವಿಲಿಯಂ ಕೆಲ್ಸೊ ಎಂಬ ಪುರಾತತ್ವಜ್ಞರು 1994ರ ಏಪ್ರಿಲ್‌ನಲ್ಲಿ ಗೋಪುರಕ್ಕೂ ನದಿಗೂ ನಡುವೆ ಅಗೆಯತೊಡಗಿದರು. 1996ರಲ್ಲಿ ಕೋಟೆ ಸಿಕ್ಕಿತೆಂದು ಪ್ರಕಟಿಸಿದರು. ಒಂದು ಮೂಲೆ ಮಾತ್ರ ನೀರಿಗೆ ಹೋಗಿತ್ತು, ಉಳಿದದ್ದೆಲ್ಲ ನೆಲದಡಿಯಲ್ಲೇ ಇತ್ತು.

ಅವರಿಗೆ ಸಿಕ್ಕಿದ್ದು ಗೋಡೆಯಲ್ಲ, ಮಣ್ಣಿನ ಬಣ್ಣ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಂಬ ನೆಡಲು ನೆಲ ಅಗೆದಾಗ ಮೇಲಿನ ಕಪ್ಪು ಮಣ್ಣೂ ಕೆಳಗಿನ ಹಳದಿ ಜೇಡಿಯೂ ಕಲಸಿಹೋಗುತ್ತವೆ. ಆ ಮಿಶ್ರಣವನ್ನೇ ಮತ್ತೆ ತುಂಬಿ ಕಂಬವನ್ನು ಬಿಗಿಮಾಡುತ್ತಾರೆ. ಕಂಬ ಕೊಳೆತ ಮೇಲೆ ಅದು ನಿಂತಿದ್ದ ಜಾಗದಲ್ಲಿ ಕಡುಗಂದು ಬಣ್ಣದ ಪುಡಿಮಣ್ಣು ಉಳಿಯುತ್ತದೆ. ಅಗೆಯುವವರು ಮೇಲಿನ ಪದರವನ್ನು ಸರಿಸಿ, ಗಾರೆ ಕೆಲಸದವರ ಕರಣೆಯಂಥ ಚಿಕ್ಕ ಸಲಕರಣೆಯಿಂದ ಮೇಲ್ಮೈಯನ್ನು ತೆಳ್ಳಗೆ ಕೆರೆಯುತ್ತ ಹೋದಾಗ, ಹಳದಿ ನೆಲದಲ್ಲಿ ಒಂದು ಉದ್ದನೆಯ ಮಬ್ಬು ಪಟ್ಟಿ, ಅದರೊಳಗೆ ಸಾಲಾಗಿ ಗುಂಡನೆಯ ಕಪ್ಪು ಕಲೆಗಳು ಕಾಣಿಸಿಕೊಳ್ಳುತ್ತವೆ. ಪಟ್ಟಿ ಎಂದರೆ ಕಾಲುವೆಯಂತೆ ತೋಡಿದ ಕಂದಕ. ಪ್ರತಿ ಕಲೆಯೂ ಒಂದೊಂದು ಮರದ ದಿಮ್ಮಿ. ಒಣಗಿದರೆ ಈ ವ್ಯತ್ಯಾಸ ಮಂಕಾಗುವುದರಿಂದ ಆಗಾಗ ನೀರು ಚಿಮುಕಿಸುತ್ತಾರೆ. ನಾನು ಹಗ್ಗದ ಈಚೆ ನಿಂತು ನೋಡುತ್ತಿದ್ದಾಗ, ಬರಿಯ ಕಂದು ನೆಲದಂತೆ ಕಂಡ ಕಡೆ ನೀರು ಬಿದ್ದ ಕೂಡಲೇ ಮೂರು ಗುಂಡು ಕಲೆಗಳು ಒಂದರ ಪಕ್ಕ ಒಂದು ಎದ್ದು ಬಂದವು.

ಆ ಕಲೆಗಳ ಸಾಲು ಹಿಡಿದು ಹೋದಾಗ ಕೋಟೆಯ ತ್ರಿಕೋನ ಪೂರ್ತಿಯಾಯಿತು. 1610ರಲ್ಲಿ ಅಲ್ಲಿಗೆ ಬಂದ ವಿಲಿಯಂ ಸ್ಟ್ರೇಚಿ, ನದಿಯ ಕಡೆಯ ಬದಿ 140 ಗಜ, ಉಳಿದೆರಡು ಬದಿಗಳು ತಲಾ 100 ಗಜ ಎಂದು ಬರೆದಿಟ್ಟಿದ್ದ. ನೆಲದ ಅಳತೆ ಅದಕ್ಕೆ ಬಹಳ ಹತ್ತಿರ ಬಂತು. ನಿಮ್ಮ ಗೆಳೆಯರು ಕಂಡ ‘ನಾಲ್ಕು ಮರದ ಕಂಬ’ಗಳನ್ನು ನಿಲ್ಲಿಸಿರುವುದು ಹೀಗೆ ಗುರುತಿಸಿದ ಸಾಲಿನ ಮೇಲೆಯೇ. ಅಲಂಕಾರಕ್ಕೆ ನೆಟ್ಟದ್ದಲ್ಲ.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾರೆ. 1861ರಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ದಕ್ಷಿಣದ ಸೈನಿಕರು ಇದೇ ಜಾಗದಲ್ಲಿ ಮಣ್ಣಿನ ದಿಬ್ಬದ ಕೋಟೆಯನ್ನು ಎಬ್ಬಿಸಿದರು. ಅದರ ಕಂದಕಗಳು ಹಳೆಯ ಕುರುಹುಗಳನ್ನು ಅಲ್ಲಲ್ಲಿ ಕತ್ತರಿಸಿದವು. ಆದರೆ ದಿಬ್ಬದ ಅಡಿಗೆ ಸಿಕ್ಕಿದ್ದೆಲ್ಲ ಮುಂದಿನ ಯಾರ ನೇಗಿಲಿಗೂ ಸಿಕ್ಕದೆ ಭದ್ರವಾಗಿ ಉಳಿಯಿತು.

ಪಾಳುಬಿದ್ದ ಬಾವಿಗಳು ಮತ್ತು ನೆಲಮಾಳಿಗೆಗಳು ಈ ಅಗೆತದ ದೊಡ್ಡ ಗಂಟು. ನೀರು ಕೆಟ್ಟ ಬಾವಿಗೆ ಊರಿನವರು ಕಸ ತುಂಬುತ್ತಾರೆ, ಆ ಕಸವೇ ಇಂದಿನ ದಾಖಲೆ. ಇದುವರೆಗೆ ಸಿಕ್ಕ ವಸ್ತುಗಳು 30 ಲಕ್ಷಕ್ಕೂ ಹೆಚ್ಚು: ಕವಚದ ತುಂಡುಗಳು, ಸ್ಥಳೀಯರೊಡನೆ ವಿನಿಮಯಕ್ಕೆಂದು ತಂದ ತಾಮ್ರದ ತಗಡಿನ ಚೂರುಗಳು, ಗಾಜಿನ ಮಣಿಗಳು, ಮೀನಿನ ಮುಳ್ಳುಗಳು, ಚಿತ್ರ ಗೀಚಿದ ಒಂದು ಸ್ಲೇಟು. ಇವುಗಳಲ್ಲಿ ಆಯ್ದವನ್ನು 2006ರಲ್ಲಿ ತೆರೆದ ಆರ್ಕೇರಿಯಂ ಎಂಬ ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಆ ಕಟ್ಟಡವಿರುವುದು 1698ರಲ್ಲಿ ಸುಟ್ಟುಹೋದ ಶಾಸನಸಭೆಯ ತಳಪಾಯದ ಮೇಲೆ. ಆ ಬೆಂಕಿಯ ಮರುವರ್ಷವೇ ರಾಜಧಾನಿ ವಿಲಿಯಮ್ಸ್‌ಬರ್ಗ್‌ಗೆ ಹೋಯಿತು, ಜೇಮ್ಸ್‌ಟೌನ್ ಹೊಲವಾಯಿತು. ಊರು ಬೆಳೆಯದೆ ಹೋದದ್ದೇ ಅಗೆಯುವವರ ಪುಣ್ಯ.

ಪ್ರಶ್ನೆ: ಹಸಿವಿನಿಂದ ಅಲ್ಲಿನವರು ಮನುಷ್ಯರನ್ನೇ ತಿಂದರೆಂದು ಓದಿದೆ. ಇದು ನಿಜವೇ, ಪ್ರವಾಸಿಗರನ್ನು ಸೆಳೆಯಲು ಹುಟ್ಟಿಸಿದ ಕಥೆಯೇ?

ಉತ್ತರ: ನಿಜ. 1609–10ರ ಚಳಿಗಾಲವನ್ನು ಅಲ್ಲಿ ‘ಉಪವಾಸದ ಕಾಲ’ ಎಂದೇ ಕರೆಯುತ್ತಾರೆ. ಆಹಾರ ತರುತ್ತಿದ್ದ ಹಡಗುಪಡೆಯ ಮುಖ್ಯ ನೌಕೆ ಬಿರುಗಾಳಿಗೆ ಸಿಕ್ಕಿ ಬರ್ಮುಡಾದಲ್ಲಿ ಒಡೆದಿತ್ತು. ಸ್ಥಳೀಯರೊಡನೆ ವ್ಯವಹಾರ ಬಲ್ಲ ಜಾನ್ ಸ್ಮಿತ್, ಕೋವಿಮದ್ದಿನ ಪುಡಿ ಹೊತ್ತಿ ಸುಟ್ಟ ಗಾಯದಿಂದ ಇಂಗ್ಲೆಂಡಿಗೆ ಮರಳಿದ್ದ. ಪೌಹಟನ್ ಪಡೆಗಳು ಕೋಟೆಯನ್ನು ಸುತ್ತುವರಿದಿದ್ದವು. ಇದರ ಜೊತೆಗೆ ಬರ. ಆ ಪ್ರದೇಶದ ಹಳೆಯ ಸೈಪ್ರಸ್ ಮರಗಳ ವಾರ್ಷಿಕ ಉಂಗುರಗಳನ್ನು ಎಣಿಸಿದ ವಿಜ್ಞಾನಿಗಳು, 1606ರಿಂದ 1612ರ ವರೆಗಿನ ಏಳು ವರ್ಷಗಳು 770 ವರ್ಷಗಳಲ್ಲೇ ಅತ್ಯಂತ ಒಣ ಅವಧಿಯೆಂದು 1998ರಲ್ಲಿ ಪ್ರಕಟಿಸಿದ್ದಾರೆ. ಸ್ಥಳೀಯರ ಮೆಕ್ಕೆಜೋಳವೂ ಅವರಿಗೇ ಸಾಲದಿದ್ದ ಕಾಲ ಅದು. ವಸಂತದ ಹೊತ್ತಿಗೆ, ಇನ್ನೂರಕ್ಕೂ ಹೆಚ್ಚಿದ್ದ ಜನರಲ್ಲಿ ಉಳಿದವರು ಅರವತ್ತರಷ್ಟು.

ಕುದುರೆ, ನಾಯಿ, ಇಲಿಗಳಾದ ಮೇಲೆ ಹೆಣಗಳನ್ನೂ ತಿಂದರೆಂದು ಆಗಿನ ಮುಖ್ಯಸ್ಥ ಜಾರ್ಜ್ ಪರ್ಸಿ ಬರೆದಿದ್ದ. ವಸಾಹತಿನ ಹೆಸರು ಕೆಡಿಸಲು ಹಬ್ಬಿಸಿದ ಮಾತಿರಬಹುದೆಂದು ಹಲವು ಇತಿಹಾಸಕಾರರು ಅನುಮಾನಿಸುತ್ತಿದ್ದರು. 2012ರ ಬೇಸಿಗೆಯಲ್ಲಿ, ಕಸ ತುಂಬಿ ಮುಚ್ಚಿದ್ದ ಒಂದು ನೆಲಮಾಳಿಗೆಯಲ್ಲಿ, ಕಡಿದ ಕುದುರೆ ಮತ್ತು ನಾಯಿಯ ಮೂಳೆಗಳ ನಡುವೆ ಮನುಷ್ಯನ ಹಲ್ಲುಗಳೂ ತಲೆಬುರುಡೆಯ ಭಾಗವೂ ಒಂದು ಮೊಣಕಾಲ ಕೆಳಗಿನ ಮೂಳೆಯೂ ಸಿಕ್ಕವು. ಸ್ಮಿತ್ಸೋನಿಯನ್ ಸಂಸ್ಥೆಯ ಡಗ್ಲಸ್ ಔಸ್ಲಿ ಅವುಗಳನ್ನು ಪರೀಕ್ಷಿಸಿದರು. ಅದು ಸುಮಾರು 14 ವರ್ಷದ ಇಂಗ್ಲಿಷ್ ಹುಡುಗಿ. ಹಣೆಯ ಮೇಲೆ ಆಳಕ್ಕಿಳಿಯದ ಕೆಲವು ಏಟುಗಳು, ಆಮೇಲೆ ತಲೆಯ ಹಿಂಬದಿಗೆ ಬಲವಾದ ಏಟುಗಳು, ದವಡೆಯ ಮೂಳೆಯ ಮೇಲೆ ಚೂರಿಯ ಸಣ್ಣ ಗೀರುಗಳು. ಸತ್ತ ಮೇಲೆ ಆದ ಗಾಯಗಳಿವು. ಅವಳು ಯಾವುದರಿಂದ ಸತ್ತಳೆಂಬುದನ್ನು ಮೂಳೆ ಹೇಳುವುದಿಲ್ಲ. ಹಣೆಯ ಆ ಹುಸಿ ಏಟುಗಳೇ ನನ್ನನ್ನು ಹೆಚ್ಚು ಕಾಡಿದ್ದು: ಕಡಿದವನ ಕೈಗೆ ಆ ಕೆಲಸ ರೂಢಿಯಿರಲಿಲ್ಲ ಎಂಬುದು ಅಲ್ಲಿ ಕಾಣುತ್ತದೆ. ಅಗೆತದವರು ಅವಳಿಗೆ ‘ಜೇನ್’ ಎಂದು ಹೆಸರಿಟ್ಟು, ಬುರುಡೆಯ ಆಧಾರದಿಂದ ಮುಖವನ್ನು ಮರುರೂಪಿಸಿ ಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ಎಳೆಯ ಮಕ್ಕಳನ್ನು ಆ ಕೋಣೆಗೆ ಕರೆದೊಯ್ಯುವ ಮುನ್ನ ಯೋಚಿಸಿ.

ಉಳಿದ ಅರವತ್ತು ಮಂದಿ 1610ರ ಜೂನ್‌ನಲ್ಲಿ ಕೋಟೆಯನ್ನು ಬಿಟ್ಟು ಹಡಗು ಹತ್ತಿದರು. ನದಿಯಲ್ಲೇ ಎದುರಾದ ಸುದ್ದಿ, ಹೊಸ ಗವರ್ನರ್ ಡಿ ಲಾ ವಾರ್ ಜನರನ್ನೂ ಆಹಾರವನ್ನೂ ತರುತ್ತಿದ್ದಾನೆಂದು. ಹಿಂದಿರುಗಲು ಅವರಿಗೆ ಆಜ್ಞೆಯಾಯಿತು. ಊರನ್ನು ಶುಚಿಮಾಡಿಸಲು ಅವನು ಹೊರಡಿಸಿದ ಆದೇಶದಿಂದ ಬಾವಿ, ಮಾಳಿಗೆಗಳು ತುಂಬಿಕೊಂಡವು.

ಪ್ರಶ್ನೆ: ಜೇಮ್ಸ್‌ಟೌನ್ ಅಮೆರಿಕದಲ್ಲಿ ಯೂರೋಪಿಯನ್ನರು ಕಟ್ಟಿದ ಮೊದಲ ಊರೇ?

ಉತ್ತರ: ಅಲ್ಲ. ಫ್ಲಾರಿಡಾದ ಸೇಂಟ್ ಆಗಸ್ಟೀನ್ ಅನ್ನು ಸ್ಪೇನಿನವರು 1565ರಲ್ಲೇ ಕಟ್ಟಿದ್ದರು. ಇಂಗ್ಲಿಷರೂ 1585 ಮತ್ತು 1587ರಲ್ಲಿ ರೋನೋಕ್ ದ್ವೀಪದಲ್ಲಿ ಪ್ರಯತ್ನಿಸಿ ಸೋತಿದ್ದರು. ‘ಉಳಿದುಕೊಂಡ ಮೊದಲ ಇಂಗ್ಲಿಷ್ ವಸಾಹತು’ ಎಂಬುದು ಜೇಮ್ಸ್‌ಟೌನ್‌ಗೆ ಸಲ್ಲುವ ಮಾತು. ಮೇಫ್ಲವರ್ ಹಡಗಿನವರು ಇನ್ನೊಂದು ಹೆಸರಾಂತ ಇಂಗ್ಲಿಷ್ ವಸಾಹತಾದ ಪ್ಲಿಮತ್‌ಗೆ ಬಂದದ್ದು ಇದಕ್ಕೆ 13 ವರ್ಷಗಳ ನಂತರ.

ಪ್ರಶ್ನೆ: ಪೊಕಹೊಂಟಾಸ್ ಕಥೆ ಎಷ್ಟು ನಿಜ? ಅಲ್ಲಿನ ಮೂಲನಿವಾಸಿಗಳು ಏನಾದರು?

ಉತ್ತರ: ಅವಳು ವಾಹುನ್ಸೆನಕಾ ಎಂಬ ಮಹಾನಾಯಕನ ಮಗಳು. ಸುಮಾರು 30 ಬುಡಕಟ್ಟುಗಳು ಅವನ ಆಳ್ವಿಕೆಯಲ್ಲಿದ್ದವು. ಇಂಗ್ಲಿಷರು ಅವನನ್ನು ಪೌಹಟನ್ ಎಂದೇ ಕರೆದರು. ಕೋಟೆ ಎದ್ದ ನೆಲ ಪಾಸ್ಪಹೆ ಜನರದ್ದು. ಜಾನ್ ಸ್ಮಿತ್‌ನ ತಲೆಯನ್ನು ಅವಳು ಅಪ್ಪಿ ಉಳಿಸಿದಳೆಂಬ ಪ್ರಸಂಗವನ್ನು ಸ್ಮಿತ್ ಒಬ್ಬನೇ, ಅದೂ ವರ್ಷಗಳ ನಂತರ ವಿಸ್ತಾರವಾಗಿ ಬರೆದದ್ದರಿಂದ, ವಿದ್ವಾಂಸರಲ್ಲಿ ಹಲವರು ನಂಬುವುದಿಲ್ಲ. ಅವರಿಬ್ಬರ ಪ್ರೇಮವಂತೂ ಕಟ್ಟುಕಥೆ; ಆಗ ಅವಳಿಗೆ ಹನ್ನೊಂದರ ಆಸುಪಾಸಿನ ವಯಸ್ಸು. ಖಚಿತವಾಗಿರುವುದು ಇಷ್ಟು: 1613ರಲ್ಲಿ ಇಂಗ್ಲಿಷರು ಅವಳನ್ನು ಮೋಸದಿಂದ ಸೆರೆಹಿಡಿದರು, 1614ರ ಏಪ್ರಿಲ್‌ನಲ್ಲಿ, ಹೊಗೆಸೊಪ್ಪಿನ ಬೆಳೆಯಿಂದ ವಸಾಹತಿಗೆ ಆದಾಯದ ದಾರಿ ತೋರಿಸಿದ ಜಾನ್ ರಾಲ್ಫ್‌ನೊಡನೆ ಅವಳ ಮದುವೆಯಾಯಿತು, 1617ರಲ್ಲಿ ಇಂಗ್ಲೆಂಡಿನ ಗ್ರೇವ್ಸೆಂಡ್‌ನಲ್ಲಿ ತೀರಿಕೊಂಡಳು. ಮದುವೆ ನಡೆದ 1608ರ ಚರ್ಚಿನ ದಪ್ಪ ಕಂಬಗಳ ಕುಳಿಗಳು 2010ರಲ್ಲಿ ಸಿಕ್ಕಿವೆ, ಅಲ್ಲಿ ನಿಲ್ಲಬಹುದು. ಕೋಟೆಯ ಬಳಿ ನಿಂತಿರುವ ಅವಳ ಕಂಚಿನ ಪ್ರತಿಮೆಯ ಉಡುಪನ್ನು ಮಾತ್ರ ನಂಬಬೇಡಿ, ಅದು ಸಾವಿರಾರು ಮೈಲಿ ಆಚೆಯ ಬಯಲುಸೀಮೆಯ ಬುಡಕಟ್ಟುಗಳ ಉಡುಪು.

ಆ ಜನ ಅಳಿದುಹೋಗಿಲ್ಲ. ಪಮಂಕಿ ಮತ್ತು ಮಟಪೊನೈ ಬುಡಕಟ್ಟುಗಳು ಇಂದಿಗೂ ವರ್ಜೀನಿಯಾದಲ್ಲೇ ಇವೆ; 1677ರ ಒಪ್ಪಂದಕ್ಕೆ ಬದ್ಧವಾಗಿ ಪ್ರತಿವರ್ಷ ನವೆಂಬರ್‌ನಲ್ಲಿ ರಾಜ್ಯದ ಗವರ್ನರ್ ಮನೆಬಾಗಿಲಿಗೆ ಜಿಂಕೆಯನ್ನು ಕಪ್ಪವಾಗಿ ತಂದೊಪ್ಪಿಸುತ್ತವೆ. ಒಪ್ಪಂದದ ತಮ್ಮ ಪಾಲನ್ನು ಅವರು ಇಷ್ಟು ಶತಮಾನ ನಡೆಸಿಕೊಂಡು ಬಂದಿದ್ದಾರೆ. ಪಮಂಕಿಗಳಿಗೆ ಅಮೆರಿಕದ ಕೇಂದ್ರ ಸರ್ಕಾರದ ಮಾನ್ಯತೆ ಸಿಗಲು ಈ ಶತಮಾನದ 2015–16ರ ವರೆಗೆ ಕಾಯಬೇಕಾಯಿತು.

ಪ್ರಶ್ನೆ: ಈ ಜಾಗಕ್ಕೂ ನಮ್ಮ ದೇಶಕ್ಕೂ ಏನಾದರೂ ಸಂಬಂಧವಿದೆಯೇ?

ಉತ್ತರ: ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚಾಗಿಯೇ ಇದೆ. ಜೇಮ್ಸ್‌ಟೌನನ್ನು ಸ್ಥಾಪಿಸಿದ್ದು ಅರಸನಲ್ಲ, ಲಂಡನ್ನಿನ ವರ್ಜೀನಿಯಾ ಕಂಪನಿ. ಅದರ ಖಜಾಂಚಿಯಾಗಿ ಚುಕ್ಕಾಣಿ ಹಿಡಿದಿದ್ದ ಸರ್ ಥಾಮಸ್ ಸ್ಮಿತ್ 1600ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಆಗಿದ್ದವನೇ. ವರ್ಜೀನಿಯಾದಲ್ಲಿ ಕಠೋರ ಕಾನೂನಿನಿಂದ ಆಡಳಿತ ನಡೆಸಿದ ಸರ್ ಥಾಮಸ್ ಡೇಲ್, 1616ರಲ್ಲಿ ಅಲ್ಲಿಂದ ಹೊರಟು, ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಪಡೆಯ ನಾಯಕನಾಗಿ ಪೂರ್ವಕ್ಕೆ ಬಂದು, 1619ರ ಆಗಸ್ಟ್‌ನಲ್ಲಿ ಮಚಲೀಪಟ್ಟಣದಲ್ಲಿ ಸತ್ತ. ಅದೇ ಬೇಸಿಗೆಯಲ್ಲಿ, ಜುಲೈ 30ರಿಂದ ಆರು ದಿನ, ಜೇಮ್ಸ್‌ಟೌನ್ ಚರ್ಚಿನಲ್ಲಿ 22 ಪ್ರತಿನಿಧಿಗಳ ಮೊದಲ ಸಭೆ ನಡೆದು, ಸೆಕೆ ತಡೆಯಲಾರದೆ ಮುಗಿಯಿತು. ಕೆಲವೇ ವಾರಗಳಲ್ಲಿ ‘ಇಪ್ಪತ್ತು ಚಿಲ್ಲರೆ’ ಆಫ್ರಿಕನ್ನರನ್ನು ಹೊತ್ತ ಹಡಗು ನದಿಯ ಮುಖದ ಪಾಯಿಂಟ್ ಕಂಫರ್ಟ್‌ಗೆ ಬಂತು. ಪ್ರಾತಿನಿಧ್ಯವೂ ಗುಲಾಮಗಿರಿಯೂ ಒಂದೇ ಬೇಸಿಗೆಯಲ್ಲಿ ಅಲ್ಲಿ ಕಾಲಿಟ್ಟವು. 1624 ಮತ್ತು 1625ರ ಜನಪಟ್ಟಿಗಳಲ್ಲಿ ಏಂಜೆಲಾ ಎಂಬ ಆಫ್ರಿಕನ್ ಹೆಂಗಸಿನ ಹೆಸರಿದೆ. ಅವಳಿದ್ದ ಮನೆಯ ಹಿತ್ತಲನ್ನೂ 2017ರಿಂದ ಅಗೆದು ನೋಡಿದ್ದಾರೆ. ದ್ವೀಪಕ್ಕೆ ಹೋದವರು ಕೋಟೆಯಿಂದಲೇ ಹಿಂದಿರುಗದೆ ಅಲ್ಲಿಗೂ ನಡೆದು ಹೋಗಬೇಕು.

ವಲಸಿಗರನ್ನು ಕರೆತಂದವನಿಗೆ ತಲೆಗೆ 50 ಎಕರೆಯಂತೆ ಭೂಮಿ ಸಿಗುತ್ತಿತ್ತು. 1635ರ ಅಂಥದೊಂದು ಭೂದಾಖಲೆಯಲ್ಲಿ, ಜಾರ್ಜ್ ಮೆನೆಫಿ ಎಂಬ ವರ್ತಕನ ಲೆಕ್ಕದಲ್ಲಿ, ‘ಟೋನಿ, ಈಸ್ಟ್ ಇಂಡಿಯನ್’ ಎಂಬ ಒಂದು ಹೆಸರು ಇದೆ. ಯಾವ ಬಂದರಿನಿಂದ, ಯಾವ ತಾಯಿ ಇಟ್ಟ ಯಾವ ಹೆಸರನ್ನು ಕಳೆದುಕೊಂಡು ಬಂದವನೋ. ಕಾಗದದಲ್ಲಿ ಉಳಿದಿರುವುದು 50 ಎಕರೆಯ ಒಂದು ತಲೆ ಎಂಬುದಷ್ಟೇ.

ಪ್ರಶ್ನೆ: ಅಗೆತವನ್ನು ಹತ್ತಿರದಿಂದ ನೋಡಬಹುದೇ? ನದಿದಡದಲ್ಲಿ ಹಳೆಯ ಚೂರು ಸಿಕ್ಕರೆ ನೆನಪಿಗೆ ತರಬಹುದೇ?

ಉತ್ತರ: ನೋಡಬಹುದು. ಅಗೆಯುವವರು ಸಂದರ್ಶಕರೊಡನೆ ಬೇಸರವಿಲ್ಲದೆ ಮಾತನಾಡುತ್ತಾರೆ. ‘ಇದು ಯಾವಾಗಿನದು’ ಎಂಬುದಕ್ಕಿಂತ ‘ಇದು ಅದಕ್ಕಿಂತ ಹಳೆಯದೆಂದು ಹೇಗೆ ಗೊತ್ತಾಯಿತು’ ಎಂದು ಕೇಳಿ. ಒಂದು ಕುಳಿ ಇನ್ನೊಂದನ್ನು ಎಲ್ಲಿ ಕತ್ತರಿಸಿದೆ ಎಂದು ಬೆರಳಿಟ್ಟು ತೋರಿಸುತ್ತಾರೆ. ಅಗೆತಕ್ಕೆ ಜನ ಹೆಚ್ಚಿರುವುದು ಬೆಚ್ಚನೆಯ ತಿಂಗಳುಗಳಲ್ಲಿ. ಆದರೆ ಜುಲೈ, ಆಗಸ್ಟ್‌ಗಳ ಸೆಕೆಯೂ ಸೊಳ್ಳೆಗಳೂ ಜೋರು. ವಯಸ್ಸಾದವರಿಗೆ ಮೇ ಅಥವಾ ಅಕ್ಟೋಬರ್ ಹಿತ. ಚೂರು ತರುವ ಮಾತಿಗೆ, ಖಂಡಿತ ಬೇಡ. ರಾಷ್ಟ್ರೀಯ ಉದ್ಯಾನದ ನೆಲದಿಂದ ಪ್ರಾಚೀನ ವಸ್ತುವನ್ನು ಎತ್ತುವುದು 1979ರ ಕಾನೂನಿನ ಪ್ರಕಾರ ಅಪರಾಧ. ಕಂಡರೆ ಮುಟ್ಟದೆ ಸಿಬ್ಬಂದಿಗೆ ತಿಳಿಸಿ, ಏಕೆಂದರೆ ಆ ಚೂರು ಎಲ್ಲಿ, ಯಾವ ಪದರದಲ್ಲಿತ್ತು ಎಂಬುದೇ ಅದರ ಬೆಲೆ.

ಪ್ರಶ್ನೆ: ದ್ವೀಪ ಮುಳುಗುತ್ತಿದೆ ಎಂಬ ಸುದ್ದಿ ನಿಜವೇ?

ಉತ್ತರ: ನೆಲ ಬಹಳ ತಗ್ಗು, ನೀರಿನ ಮಟ್ಟ ಏರುತ್ತಿದೆ. ಚಾರಿತ್ರಿಕ ತಾಣಗಳ ರಕ್ಷಣೆಗೆ ದುಡಿಯುವ ಅಮೆರಿಕದ ನ್ಯಾಷನಲ್ ಟ್ರಸ್ಟ್ 2022ರಲ್ಲಿ ತಯಾರಿಸಿದ ಅಪಾಯದಂಚಿನ 11 ತಾಣಗಳ ಪಟ್ಟಿಯಲ್ಲಿ ಜೇಮ್ಸ್‌ಟೌನ್ ಸೇರಿದೆ. ಹಳೆಯ ತಡೆಗೋಡೆಯನ್ನು ಬಲಪಡಿಸುವ ಕೆಲಸ ನಡೆದಿದೆ. ಆದರೆ ದಡವನ್ನು ಕಾಯ್ದ ಮಾತ್ರಕ್ಕೆ ಒಳಗಿನಿಂದ ಏರಿ ಬರುವ ಅಂತರ್ಜಲವೂ ದ್ವೀಪದ ಹಿಂಬದಿಯ ಜೌಗೂ ನಿಲ್ಲುವುದಿಲ್ಲ. ಜೋರು ಮಳೆಯಾದ ಮೇಲೆ ಅಗೆತದ ಗುಂಡಿಗಳಿಂದ ಮೊದಲು ನೀರನ್ನು ಹೊರಹಾಕಿ ಆಮೇಲೆ ಕೆಲಸ ಹಿಡಿಯಬೇಕಾಗುತ್ತದೆ. ಹೋಗುವ ಮುನ್ನ ಅಂದಿನ ಹವಾಮಾನವನ್ನೂ ದಾರಿ ತೆರೆದಿದೆಯೇ ಎಂಬುದನ್ನೂ ಮಕ್ಕಳಿಂದ ವಿಚಾರಿಸಿಕೊಳ್ಳಿ, ನೀರಿಗೆ ಅಂಜದ ಚಪ್ಪಲಿ ಹಾಕಿಕೊಳ್ಳಿ.